ಸವೆಯುವ ಸತು, ಉಳಿಯುವ ದೋಣಿ

(ಉಪನ್ಯಾಸದ ಪಾಠ)



ಸಮುದ್ರವನ್ನು ನಂಬಿ ಬದುಕುವವರಿಗೆ ಗಾಳಿ, ಅಲೆ, ಮಳೆಗಳ ಭಯ ಹೊಸದಲ್ಲ. ಅವು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಅಪಾಯಗಳು; ಅವುಗಳ ಬಗ್ಗೆ ಮುನ್ನೆಚ್ಚರಿಕೆ ವಹಿಸುವುದು ಕಡಲ ಮಕ್ಕಳಿಗೆ ರೂಢಿಯಾಗಿಯೇ ಬಂದಿದೆ. ಆದರೆ ಸದ್ದಿಲ್ಲದೆ, ನೀರಿನ ಅಡಿಯಲ್ಲಿ, ಬೋಟು ದಕ್ಕೆಯಲ್ಲಿ ನಿಶ್ಚಲವಾಗಿ ನಿಂತಿರುವಾಗಲೂ ನಡೆಯುತ್ತಲೇ ಇರುವ ಹಾನಿಯೊಂದುಂಟು. ಅದೇ ಲೋಹಕ್ಷಯ. ಪ್ರೊಪೆಲ್ಲರು, ಅದರ ಶಾಫ್ಟು, ಚುಕ್ಕಾಣಿಯ ಹಲಗೆ ಮತ್ತು ಕೀಲುಗಳು, ಎಂಜಿನ್ನಿಗೆ ಸಮುದ್ರದ ನೀರನ್ನು ಒಳಬಿಡುವ ಕವಾಟ ಇವೆಲ್ಲವೂ ಉಪ್ಪುನೀರಿನಲ್ಲಿ ಹಗಲಿರುಳು ಮುಳುಗಿರುವ ಲೋಹದ ಭಾಗಗಳು. ಇವುಗಳಲ್ಲಿ ಒಂದು ಕೈಕೊಟ್ಟರೂ ದಡದಿಂದ ಹತ್ತಾರು ಮೈಲಿ ದೂರದಲ್ಲಿ ತಾಂಡೇಲನೂ ಕಲಾಸಿಗಳೂ ದಿಕ್ಕುಗಾಣದೆ ನಿಲ್ಲಬೇಕಾಗುತ್ತದೆ.

ಈ ಹಾನಿಯನ್ನು ತಡೆಯುವ ಸಾಧನವು ದುಬಾರಿಯಾದುದೇನಲ್ಲ. ಅದು ಅಂಗೈಯಗಲದ ಒಂದು ಸತುವಿನ ಗಟ್ಟಿ. ಬೋಟು ಕಟ್ಟುವ ಅಂಗಳಗಳಲ್ಲಿ ಅದನ್ನು ಸರಳವಾಗಿ ‘ಜಿಂಕ್’ ಎಂದು ಕರೆಯುತ್ತಾರೆ. ವಿಜ್ಞಾನದ ಪರಿಭಾಷೆಯಲ್ಲಿ ಅದಕ್ಕೆ ‘ತ್ಯಾಗದ ಆನೋಡ್’ ಎಂದು ಹೆಸರು. ತಾನು ಕರಗಿ ಉಳಿದ ಲೋಹಗಳನ್ನು ಕಾಯುವುದೇ ಅದರ ಕೆಲಸವಾದ ಕಾರಣ ಈ ಹೆಸರು ಅನ್ವರ್ಥವಾಗಿದೆ. ಅದನ್ನು ಯಾವಾಗ ಬದಲಿಸಬೇಕು, ಹೇಗೆ ಬದಲಿಸಬೇಕು, ಬದಲಿಸುವಾಗ ಯಾವ ತಪ್ಪುಗಳು ಘಟಿಸುತ್ತವೆ ಎಂಬುದನ್ನು ಸಣ್ಣ ಬೋಟುಗಳ ಮಾಲೀಕರೂ ಅವುಗಳಲ್ಲಿ ದುಡಿಯುವವರೂ ಅರಿತಿರುವುದು ಅಗತ್ಯ. ಮಲ್ಪೆ, ಗಂಗೊಳ್ಳಿ, ಕಾರವಾರಗಳ ದಕ್ಕೆಗಳಿಗೆ ಮಾತ್ರವಲ್ಲದೆ ಮುಂಬಯಿಯ ಸಸೂನ್ ಡಾಕ್, ಚೆನ್ನೈನ ಕಾಸಿಮೇಡು ಮುಂತಾದ ಬಂದರುಗಳಲ್ಲಿ ದುಡಿಯುವ ಕನ್ನಡಿಗರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಲೋಹ ಸವೆಯುವುದೇಕೆ?

ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ಮುಳುಗಿದಾಗ ಅಲ್ಲಿ ತಾನೇ ತಾನಾಗಿ ಒಂದು ವಿದ್ಯುತ್ ಕೋಶ ಏರ್ಪಡುತ್ತದೆ. ಟಾರ್ಚಿನ ಬ್ಯಾಟರಿಯಲ್ಲಿ ನಡೆಯುವುದೂ ಇದೇ. ಎರಡರಲ್ಲಿ ಯಾವ ಲೋಹವು ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆಯೋ ಅದು ನೀರಿನಲ್ಲಿ ಕರಗುತ್ತಾ ಹೋಗುತ್ತದೆ. ಇನ್ನೊಂದು ಸುರಕ್ಷಿತವಾಗಿ ಉಳಿಯುತ್ತದೆ. ಸಮುದ್ರದ ನೀರಿನಲ್ಲಿ ಲೋಹಗಳನ್ನು ಈ ಗುಣದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮೊದಲು ಮೆಗ್ನೀಸಿಯಂ, ಅನಂತರ ಸತು, ಅಲ್ಯೂಮಿನಿಯಂ, ಉಕ್ಕು, ಹಿತ್ತಾಳೆ, ಕಂಚು ಎಂಬ ಕ್ರಮ ಬರುತ್ತದೆ. ಕಂಚಿನ ಪ್ರೊಪೆಲ್ಲರು ಉಕ್ಕಿನ ಶಾಫ್ಟಿಗೆ ಕೂಡಿಕೊಂಡಿದ್ದರೆ ಉಕ್ಕು ಸವೆಯುತ್ತದೆ. ಅವೆರಡಕ್ಕೂ ಸತುವನ್ನು ಜೋಡಿಸಿದರೆ ಸವೆಯುವ ಸರದಿ ಸತುವಿನದಾಗುತ್ತದೆ.

ಹಿತ್ತಾಳೆಯ ವಿಷಯದಲ್ಲಿ ಹಾನಿ ಇನ್ನಷ್ಟು ಗುಪ್ತವಾಗಿರುತ್ತದೆ. ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಲೋಹ. ಉಪ್ಪುನೀರಿನಲ್ಲಿ ಅದರೊಳಗಿನ ಸತುವು ಸೋರಿಹೋಗಿ ರಂಧ್ರಮಯವಾದ ತಾಮ್ರ ಮಾತ್ರ ಉಳಿಯುತ್ತದೆ. ಆಗ ಕವಾಟದ ಆಕಾರ, ಅಳತೆಗಳೆಲ್ಲ ಮೊದಲಿನಂತೆಯೇ ಇದ್ದರೂ ಸತ್ವ ಮಾತ್ರ ಇರುವುದಿಲ್ಲ. ಕೆರೆದು ನೋಡಿದರೆ ಹಳದಿಯ ಬದಲು ನಸುಗೆಂಪು ಬಣ್ಣ ಕಾಣುತ್ತದೆ. ಇಂತಹ ಕವಾಟವು ಒಂದು ಸಣ್ಣ ಪೆಟ್ಟಿಗೆ ಮುರಿಯಬಹುದು. ಮುರಿದರೆ ಎಂಜಿನ್ ಕೋಣೆಗೆ ನೀರು ನುಗ್ಗುವುದು ಅನಿವಾರ್ಯ.

ಎರಡು ಶತಮಾನಗಳ ಅನುಭವ

ಈ ಜ್ಞಾನವು ಮನುಷ್ಯನಿಗೆ ನಷ್ಟದ ಮೂಲಕವೇ ದೊರೆಯಿತು. 1761ರಲ್ಲಿ ಬ್ರಿಟಿಷ್ ನೌಕಾಪಡೆಯು ‘ಅಲಾರ್ಮ್’ ಎಂಬ ಯುದ್ಧನೌಕೆಯ ಮರದ ತಳಕ್ಕೆ ತಾಮ್ರದ ತಗಡನ್ನು ಹೊದಿಸಿತು. ಮರವನ್ನು ಕೊರೆಯುವ ಹುಳುಗಳಿಂದ ನೌಕೆಯನ್ನು ರಕ್ಷಿಸುವುದು ಅದರ ಉದ್ದೇಶವಾಗಿತ್ತು. 1763ರಲ್ಲಿ ಪರೀಕ್ಷಿಸಿದಾಗ ತಗಡನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ತಾಮ್ರಕ್ಕೆ ತಾಗಿದ ಕಡೆಯಲ್ಲೆಲ್ಲ ಕರಗಿಹೋಗಿದ್ದುವು. ತಗಡನ್ನು ಸುತ್ತಿ ತಂದಿದ್ದ ಕಂದು ಕಾಗದವು ಅಕಸ್ಮಾತ್ತಾಗಿ ಮೊಳೆ ಮತ್ತು ತಾಮ್ರಗಳ ನಡುವೆ ಉಳಿದುಕೊಂಡಿದ್ದ ಕೆಲವೆಡೆ ಮಾತ್ರ ಮೊಳೆಗಳು ಗಟ್ಟಿಯಾಗಿದ್ದುವು. ಒಂದು ಕಾಗದದ ತುಣುಕು ಎರಡು ಲೋಹಗಳ ಸಂಪರ್ಕವನ್ನು ತಪ್ಪಿಸಿ ಕಬ್ಬಿಣವನ್ನು ಕಾಪಾಡಿತ್ತು.

ಅದಾದ ಆರು ದಶಕಗಳ ಬಳಿಕ, 1824ರಲ್ಲಿ, ಇಂಗ್ಲೆಂಡಿನ ವಿಜ್ಞಾನಿ ಸರ್ ಹಂಫ್ರಿ ಡೇವಿ ಇದೇ ತತ್ತ್ವವನ್ನು ರಕ್ಷಣೆಗೆ ಬಳಸುವ ವಿಧಾನವನ್ನು ನಿರೂಪಿಸಿದರು. ಬಟಾಣಿ ಕಾಳಿನಷ್ಟು ಸತುವು ನಲವತ್ತು, ಐವತ್ತು ಚದರ ಅಂಗುಲಗಳಷ್ಟು ತಾಮ್ರವನ್ನು ಕಾಯಬಲ್ಲದೆಂದು ಅವರು ಪ್ರಯೋಗಗಳಿಂದ ಕಂಡುಕೊಂಡರು. ಈ ವಿಧಾನವನ್ನು ಮೊದಲಿಗೆ ಪೂರ್ಣವಾಗಿ ಅಳವಡಿಸಿದ ನೌಕೆಗಳಲ್ಲೊಂದು ‘ಸಮರಾಂಗ್’. ಅದು ಭಾರತದಲ್ಲೇ, ಕೊಚ್ಚಿಯಲ್ಲಿ, ತೇಗದ ಮರದಿಂದ ನಿರ್ಮಾಣವಾದ ನೌಕೆ ಎಂಬುದು ಗಮನಾರ್ಹ. ಅದರ ತಾಮ್ರದ ಹೊದಿಕೆಗೆ ಎರಕದ ಕಬ್ಬಿಣದ ತುಂಡುಗಳನ್ನು ಜೋಡಿಸಿ ಕೆನಡಾದ ನೋವಾ ಸ್ಕೋಷಿಯಾಕ್ಕೆ ಕಳುಹಿಸಲಾಯಿತು. ನೌಕೆ ಮರಳಿದಾಗ ತಾಮ್ರವು ಬಹುಮಟ್ಟಿಗೆ ಸುಸ್ಥಿತಿಯಲ್ಲಿತ್ತು.

ಆದರೆ ಹೀಗೆ ರಕ್ಷಣೆ ಪಡೆದ ನೌಕೆಗಳಲ್ಲಿ ಮತ್ತೊಂದು ತೊಡಕು ತಲೆದೋರಿತು. ತಾಮ್ರವು ಸ್ವಲ್ಪ ಸ್ವಲ್ಪವಾಗಿ ಕರಗುತ್ತಿದ್ದುದರಿಂದಲೇ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟುತ್ತಿರಲಿಲ್ಲ. ಕರಗುವುದು ನಿಂತೊಡನೆ ಅವು ದಟ್ಟವಾಗಿ ಬೆಳೆದು ನೌಕೆಯ ವೇಗವನ್ನು ಕುಗ್ಗಿಸಿದುವು. ಸಾಗರ ಸಂಚಾರದ ತಾಮ್ರದ ತಳದ ನೌಕೆಗಳಲ್ಲಿ ಈ ಪದ್ಧತಿಯನ್ನು ನೌಕಾಪಡೆಯು ಕೈಬಿಡಬೇಕಾಯಿತು. ಕಬ್ಬಿಣ ಮತ್ತು ಉಕ್ಕಿನ ಹಡಗುಗಳು ಬಂದ ಮೇಲೆ ಡೇವಿಯವರ ವಿಧಾನಕ್ಕೆ ಮತ್ತೆ ಮನ್ನಣೆ ದೊರೆಯಿತು. ರಕ್ಷಣೆಯು ಎಷ್ಟು ಬೇಕೋ ಅಷ್ಟೇ ಇರಬೇಕು ಎಂಬ ಪಾಠವನ್ನೂ ಈ ಪ್ರಸಂಗ ಕಲಿಸಿತು.

ಸತುವಿಗೂ ಭಾರತಕ್ಕೂ ಹಳೆಯ ನಂಟಿದೆ. ಸತುವು 907 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಆವಿಯಾಗುವುದರಿಂದ ಅದಿರಿನಿಂದ ಅದನ್ನು ಬೇರ್ಪಡಿಸುವುದು ಕಷ್ಟಸಾಧ್ಯ. ರಾಜಸ್ಥಾನದ ಉದಯಪುರದ ಬಳಿಯ ಜಾವರ್‌ನಲ್ಲಿ ಈ ಆವಿಯನ್ನು ಮಣ್ಣಿನ ಪಾತ್ರೆಗಳಲ್ಲಿ ಹಿಡಿದು ತಣಿಸಿ ಲೋಹ ಪಡೆಯುವ ವಿದ್ಯೆಯು ಯುರೋಪಿಗಿಂತ ಶತಮಾನಗಳಷ್ಟು ಮೊದಲೇ ಸಿದ್ಧಿಸಿತ್ತು. ಯುರೋಪಿನಲ್ಲಿ ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಅಂತಹ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು 1738ರಲ್ಲಿ. ಸ್ವತಂತ್ರ ಭಾರತದಲ್ಲಿ ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆಯು 1953ರಿಂದ ಲೋಹಕ್ಷಯದ ಅಧ್ಯಯನದಲ್ಲಿ ತೊಡಗಿದೆ. 1957ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಮೀನುಗಾರಿಕಾ ದೋಣಿಗಳ ರಕ್ಷಣೆಯ ಕುರಿತು ಸಂಶೋಧನೆ ನಡೆಸುತ್ತಾ ಬಂದಿದೆ.

ಎಷ್ಟು ಸತು, ಎಷ್ಟು ಕಾಲ?

ಸತುವು ಎಷ್ಟು ದಿನ ಬಾಳುತ್ತದೆ ಎಂಬುದಕ್ಕೆ ಲೆಕ್ಕವುಂಟು. ಸಮುದ್ರದ ನೀರಿನಲ್ಲಿ ಒಂದು ಕಿಲೋಗ್ರಾಂ ಸತುವು ಸುಮಾರು 780 ಆಂಪಿಯರ್-ಗಂಟೆಗಳಷ್ಟು ವಿದ್ಯುತ್ತನ್ನು ನೀಡುತ್ತದೆ. ಒಂದು ಆಂಪಿಯರ್ ಪ್ರವಾಹವು ವರ್ಷದ 8,760 ಗಂಟೆಗಳ ಕಾಲ ಹರಿದರೆ ಸುಮಾರು 11 ಕಿಲೋಗ್ರಾಂ ಸತುವು ಕರಗುತ್ತದೆ. ಸಣ್ಣ ಬೋಟೊಂದರ ಲೋಹದ ಭಾಗಗಳಿಗೆ ಸರಾಸರಿ 0.2 ಆಂಪಿಯರ್ ಬೇಕೆಂದು ಇಟ್ಟುಕೊಂಡರೆ ವರ್ಷಕ್ಕೆ ಎರಡೂಕಾಲು ಕಿಲೋಗ್ರಾಂ ಸತುವು ಖರ್ಚಾಗುತ್ತದೆ. ಬಣ್ಣ ಕಿತ್ತುಹೋದ ಬೋಟಿಗೆ, ನೀರನ್ನು ಸೀಳಿಕೊಂಡು ಹೆಚ್ಚು ಓಡಾಡುವ ಬೋಟಿಗೆ ಇದಕ್ಕಿಂತ ಅಧಿಕ ಬೇಕು. ಒಳ್ಳೆಯ ಬಣ್ಣದ ಲೇಪವಿರುವ ಬೋಟಿಗೆ ಕಡಿಮೆ ಸಾಕು. ಆದ್ದರಿಂದ ಬಣ್ಣ ಮತ್ತು ಸತು ಒಂದಕ್ಕೊಂದು ಪೂರಕವೇ ಹೊರತು ಪರ್ಯಾಯವಲ್ಲ.

ಗಟ್ಟಿಯು ಪೂರ್ತಿ ಕರಗುವವರೆಗೆ ಕಾಯುವುದು ಸಲ್ಲದು. ಅರ್ಧದಷ್ಟು ಸವೆದೊಡನೆ ಬದಲಿಸುವುದು ಸರ್ವಮಾನ್ಯ ನಿಯಮ. ಏಕೆಂದರೆ ಗಾತ್ರ ಕುಗ್ಗಿದಂತೆ ಅದು ನೀಡುವ ರಕ್ಷಣೆಯೂ ಕುಗ್ಗುತ್ತದೆ. ಬೋಲ್ಟಿನ ಸುತ್ತಲ ಸತು ಕರಗಿದರೆ ಉಳಿದ ತುಂಡು ಕಳಚಿ ಬೀಳುತ್ತದೆ.

ಯಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧದ ಅವಧಿಯೇ ಈ ಕೆಲಸಕ್ಕೆ ಪ್ರಶಸ್ತ ಕಾಲ. ಸಾಮಾನ್ಯವಾಗಿ ಈ ಅವಧಿಯು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಎಂದರೆ ತಲಾ 61 ದಿನ ಇರುತ್ತದೆ. ಬಲೆ ಹೆಣೆಯುವ, ಎಂಜಿನ್ ದುರಸ್ತಿ ಮಾಡುವ, ಬಣ್ಣ ಬಳಿಯುವ ಕೆಲಸಗಳ ಪಟ್ಟಿಯಲ್ಲಿ ಸತುವಿನ ಪರಿಶೀಲನೆಗೂ ಒಂದು ದಿನವನ್ನು ಮೀಸಲಿಡುವುದು ಉಚಿತ.

ಬದಲಿಸುವ ಕ್ರಮ

ಬೋಟನ್ನು ದಡಕ್ಕೆ ಎಳೆದ ಬಳಿಕ ಹಳೆಯ ಗಟ್ಟಿಯನ್ನು ಬಿಚ್ಚುವ ಮೊದಲು ಅದನ್ನು ಸಾವಧಾನವಾಗಿ ನೋಡಬೇಕು. ಅದು ವೈದ್ಯರಿಗೆ ನಾಡಿಯಿದ್ದಂತೆ. ಮೈಯೆಲ್ಲ ಗುಳಿಬಿದ್ದು ಸಮನಾಗಿ ಸವೆದಿದ್ದರೆ ಅದು ತನ್ನ ಕರ್ತವ್ಯವನ್ನು ಮಾಡಿದೆ ಎಂದರ್ಥ. ವರ್ಷ ಕಳೆದರೂ ಹೊಸದರಂತೆ ಇದ್ದರೆ ಅದು ಸಂತೋಷದ ಸಂಗತಿಯಲ್ಲ; ಬದಲಾಗಿ ಅದು ಕೆಲಸವನ್ನೇ ಮಾಡಿಲ್ಲ, ಅದರ ಪಾಲಿನ ಸವೆತವನ್ನು ಶಾಫ್ಟು ಅಥವಾ ಚುಕ್ಕಾಣಿ ಅನುಭವಿಸಿದೆ ಎಂದು ತಿಳಿಯತಕ್ಕದ್ದು. ಇದಕ್ಕೆ ವಿರುದ್ಧವಾಗಿ ಕೆಲವೇ ವಾರಗಳಲ್ಲಿ ಕರಗಿಹೋಗಿದ್ದರೆ ಬ್ಯಾಟರಿಯ ತಂತಿಯೆಲ್ಲೋ ಸಿಪ್ಪೆ ಸುಲಿದು ತಳದ ನೀರಿಗೆ ವಿದ್ಯುತ್ ಸೋರುತ್ತಿರುವ ಶಂಕೆಯಿದೆ. ಅಂತಹ ಸೋರಿಕೆಯನ್ನು ಸರಿಪಡಿಸದೆ ಎಷ್ಟು ಸತು ಹಾಕಿದರೂ ವ್ಯರ್ಥ.

ಬಿಚ್ಚಿದ ಗಟ್ಟಿಯನ್ನು ತೂಗಿ, ಹೊಸದಾಗಿದ್ದಾಗಿನ ತೂಕದೊಡನೆ ಹೋಲಿಸಿ, ದಿನಾಂಕದ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಎರಡು ಮೂರು ವರ್ಷಗಳ ಲೆಕ್ಕ ಕೈಯಲ್ಲಿದ್ದರೆ ಆ ಬೋಟಿಗೆ ಎಷ್ಟು ಸತು ಬೇಕೆಂಬುದನ್ನು ಯಾರನ್ನೂ ಕೇಳಬೇಕಾಗಿಲ್ಲ.

ಅನಂತರ ಗಟ್ಟಿ ಕೂಡುವ ಜಾಗವನ್ನು ತಂತಿಯ ಬ್ರಷ್ಷು ಮತ್ತು ಉಪ್ಪುಕಾಗದದಿಂದ ಉಜ್ಜಿ ಲೋಹವು ಹೊಳೆಯುವಂತೆ ಮಾಡಬೇಕು. ಬಣ್ಣ, ತುಕ್ಕು, ಗ್ರೀಸು ಯಾವುದೂ ನಡುವೆ ಉಳಿಯಬಾರದು. ‘ಅಲಾರ್ಮ್’ ನೌಕೆಯಲ್ಲಿ ಕಾಗದದ ತುಣುಕೊಂದು ಸಂಪರ್ಕವನ್ನು ಕಡಿದು ಮೊಳೆಯನ್ನು ಉಳಿಸಿತ್ತು. ಇಲ್ಲಿ ಬಣ್ಣದ ತೆಳುಪದರವೊಂದು ಸಂಪರ್ಕವನ್ನು ಕಡಿದು ಶಾಫ್ಟನ್ನು ಕೆಡಿಸುತ್ತದೆ. ಹೊಸ ಗಟ್ಟಿಯನ್ನು ಬಿಗಿಯಾಗಿ ಕೂಡಿಸಿ ಕೆಲವು ಗಂಟೆಗಳ ನಂತರ ನಟ್ಟುಗಳನ್ನು ಇನ್ನೊಮ್ಮೆ ಬಿಗಿಗೊಳಿಸಬೇಕು. ಶಾಫ್ಟಿಗೆ ಬಳೆಯಂತೆ ತೊಡಿಸುವ ಗಟ್ಟಿಯಾದರೆ ಅದು ರಬ್ಬರಿನ ಬೇರಿಂಗಿಗೆ ನೀರು ಹರಿಯುವ ದಾರಿಯನ್ನು ಮುಚ್ಚದಂತೆ ಸ್ವಲ್ಪ ಅಂತರ ಬಿಡುವುದು ಅವಶ್ಯ.

ಸಂಪರ್ಕ ಸರಿಯಾಗಿದೆಯೇ ಎಂದು ತಿಳಿಯಲು ವಿದ್ಯುತ್ ಕೆಲಸದವರ ಬಳಿ ಇರುವ ಮಲ್ಟಿಮೀಟರ್ ಸಾಕು. ಬೋಟು ದಡದ ಮೇಲಿರುವಾಗ ಅದರ ಒಂದು ಕಡ್ಡಿಯನ್ನು ಸತುವಿಗೆ, ಇನ್ನೊಂದನ್ನು ಪ್ರೊಪೆಲ್ಲರಿಗೆ ಅಥವಾ ಚುಕ್ಕಾಣಿಗೆ ತಾಗಿಸಿದಾಗ ಒಂದು ಓಮ್‌ಗಿಂತ ಕಡಿಮೆ ರೋಧವನ್ನು ತೋರಿಸಬೇಕು. ಹೆಚ್ಚು ತೋರಿಸಿದರೆ ನಡುವೆ ಎಲ್ಲೋ ಸಂಪರ್ಕ ತಪ್ಪಿದೆ. ಗೇರ್ ಪೆಟ್ಟಿಗೆಯೊಳಗಿನ ಎಣ್ಣೆಯ ಪದರವು ತಿರುಗುವ ಶಾಫ್ಟನ್ನು ಉಳಿದ ಭಾಗಗಳಿಂದ ಪ್ರತ್ಯೇಕಿಸುವುದುಂಟು. ಆದುದರಿಂದ ಶಾಫ್ಟಿಗೆ ಅದರದೇ ಆದ ಸತುವಿನ ಬಳೆ ಇರುವುದು ಲೇಸು.

ತಪ್ಪಿಸಬೇಕಾದ ಪ್ರಮಾದಗಳು

ಮೊದಲನೆಯದು, ಸತುವಿಗೆ ಬಣ್ಣ ಬಳಿಯುವುದು. ತಳಕ್ಕೆ ಬಣ್ಣ ಬಳಿಯುವ ಕೆಲಸಗಾರನು ಅಂದವಾಗಿ ಕಾಣಲೆಂದು ಸತುವಿನ ಮೇಲೂ ಬ್ರಷ್ಷು ಆಡಿಸಿಬಿಡುತ್ತಾನೆ. ಬಣ್ಣ ಕಂಡ ಸತುವು ನೀರಿನ ಸಂಪರ್ಕ ಕಳೆದುಕೊಂಡು ನಿರುಪಯುಕ್ತವಾಗುತ್ತದೆ. ಬಣ್ಣದ ಕೆಲಸಕ್ಕೆ ಮುನ್ನ ಕಾಗದ ಸುತ್ತಿ, ಕೆಲಸ ಮುಗಿದ ಮೇಲೆ ಮರೆಯದೆ ತೆಗೆಯುವುದು ಇದಕ್ಕೆ ಪರಿಹಾರ.

ಎರಡನೆಯದು, ಗುಜರಿಯ ಸತುವನ್ನು ಕರಗಿಸಿ ಎರಕ ಹೊಯ್ದ ಅಗ್ಗದ ಗಟ್ಟಿಯನ್ನು ಬಳಸುವುದು. ಆನೋಡಿಗೆ ಬಳಸುವ ಸತುವಿನಲ್ಲಿ ಕಬ್ಬಿಣದ ಅಂಶವು ಶೇಕಡಾ 0.005ಕ್ಕಿಂತ ಹೆಚ್ಚಿರಕೂಡದು. ಅಂದರೆ ನೂರು ಕಿಲೋಗ್ರಾಂ ಸತುವಿನಲ್ಲಿ ಐದು ಗ್ರಾಂ ಕಬ್ಬಿಣ ಬೆರೆತರೆ ಅದೇ ಮಿತಿ. ಕಬ್ಬಿಣದ ಬಾಣಲೆಯಲ್ಲಿ ಸತುವನ್ನು ಕರಗಿಸಿದರೂ ಆ ಮಿತಿ ಮೀರಬಹುದು. ಹೀಗೆ ಕೆಟ್ಟ ಸತುವಿನ ಮೇಲೆ ಗಡುಸಾದ ಪೊರೆ ಕಟ್ಟಿ ಅದು ಕರಗುವುದು ನಿಲ್ಲುತ್ತದೆ. ಕೊಳ್ಳುವಾಗ ತಯಾರಕರ ಗುಣಮಟ್ಟದ ಪ್ರಮಾಣಪತ್ರವನ್ನು ಕೇಳುವುದು ಕೊಳ್ಳುವವರ ಹಕ್ಕು.

ಮೂರನೆಯದು, ಸಿಹಿನೀರಿನ ವಿಚಾರದಲ್ಲಿ ಉದಾಸೀನ. ಮಲ್ಪೆ, ಗಂಗೊಳ್ಳಿ, ತದಡಿ, ಮಂಗಳೂರುಗಳ ಬಂದರುಗಳು ನದೀಮುಖಗಳಲ್ಲಿವೆ. ಮಳೆಗಾಲದಲ್ಲಿ ಅಲ್ಲಿ ನಿಲ್ಲಿಸಿದ ಬೋಟುಗಳ ಸುತ್ತ ಹೊಳೆಯ ನೀರೇ ತುಂಬಿರುತ್ತದೆ. ಸಿಹಿನೀರಿನಲ್ಲಿ ಬಹುಕಾಲ ನಿಂತ ಸತುವಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಮರಳಿ ಕಡಲಿಗಿಳಿದಾಗಲೂ ಅದು ಸರಿಯಾಗಿ ಕೆಲಸ ಮಾಡದಿರಬಹುದು. ಆಗಸ್ಟಿನಲ್ಲಿ ಬೋಟು ಹೊರಡುವ ಮುನ್ನ ಆ ಪೊರೆಯನ್ನು ಉಜ್ಜಿ ತೆಗೆಯಬೇಕು. ಹಿನ್ನೀರಿನಲ್ಲೇ ಹೆಚ್ಚಾಗಿ ಇರುವ ಬೋಟುಗಳಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಆನೋಡುಗಳೂ, ಸಿಹಿನೀರಿನಲ್ಲೇ ಓಡಾಡುವುವಕ್ಕೆ ಮೆಗ್ನೀಸಿಯಮ್ಮಿನವೂ ಹೆಚ್ಚು ಸೂಕ್ತ.

ನಾಲ್ಕನೆಯದು, ಮರದ ಬೋಟುಗಳಿಗೆ ಅತಿಯಾಗಿ ಸತುವನ್ನು ಜಡಿಯುವುದು. ರಕ್ಷಣೆ ಪಡೆಯುವ ಲೋಹದ ಮೇಲೆ ಕ್ಷಾರ ಉತ್ಪತ್ತಿಯಾಗುತ್ತದೆ. ಸತು ಅತಿಯಾದರೆ ಆ ಕ್ಷಾರವು ಬೋಲ್ಟಿನ ಸುತ್ತಲಿನ ಮರವನ್ನು ಮೆತ್ತಗಾಗಿಸಿ ನಾರುನಾರಾಗಿಸುತ್ತದೆ. ಒಳಗಡೆ ಬೋಲ್ಟುಗಳ ಸುತ್ತ ಬಿಳಿಯ ಪುಡಿ ಕಂಡರೆ ಅದು ಎಚ್ಚರಿಕೆಯ ಸೂಚನೆ. ಲೋಹವನ್ನು ಉಳಿಸಲು ಹೋಗಿ ಮರವನ್ನು ಕಳೆದುಕೊಳ್ಳುವುದು ಜಾಣತನವಲ್ಲ. ‘ಸಮರಾಂಗ್’ ಕಾಲದ ಪಾಠವು ಇಲ್ಲಿಯೂ ಸಲ್ಲುತ್ತದೆ.

ಕಡಲಿನಿಂದ ದೂರದವರಿಗೂ

ಪುಣೆ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದವರಿಗೆ ಬೋಟಿನ ಪ್ರಸಂಗ ದೂರದ್ದೆನಿಸಬಹುದು. ಆದರೆ ಇದೇ ತತ್ತ್ವವು ಅವರ ಮನೆಗಳಲ್ಲೂ ನೆಲೆಸಿದೆ. ಸತು ಲೇಪಿಸಿದ ಬಕೆಟ್ಟು, ಛಾವಣಿಯ ತಗಡುಗಳ ಮೇಲೆ ಗೀರು ಬಿದ್ದರೂ ಕೂಡಲೇ ತುಕ್ಕು ಹಿಡಿಯದಿರುವುದು ಸುತ್ತಲಿನ ಸತುವು ಉಕ್ಕಿಗಾಗಿ ಸವೆಯುವುದರಿಂದಲೇ. ಅನೇಕ ಬಗೆಯ ಗೀಸರುಗಳ ತೊಟ್ಟಿಯೊಳಗೆ ಮೆಗ್ನೀಸಿಯಮ್ಮಿನ ಸರಳೊಂದಿರುತ್ತದೆ. ಗಡಸು ನೀರಿರುವ ಊರುಗಳಲ್ಲಿ ಅದು ಬೇಗ ಕರಗಿಹೋಗಬಹುದು. ಸರ್ವಿಸ್ ಮಾಡಿಸುವಾಗ ಆ ಸರಳನ್ನು ಪರೀಕ್ಷಿಸಿ ಸಕಾಲದಲ್ಲಿ ಬದಲಿಸಿದರೆ ತೊಟ್ಟಿಯ ಆಯುಷ್ಯ ಹೆಚ್ಚುತ್ತದೆ.

ಶ್ರೋತೃಗಳೇ,

ಬೋಟಿನ ಮಾಲೀಕನಿಗೆ ಸಾಲದ ಕಂತಿನ ಚಿಂತೆ, ತಾಂಡೇಲನಿಗೆ ಮೀನಿನ ಚಿಂತೆ, ಕಲಾಸಿಗೆ ಪಾಲಿನ ಚಿಂತೆ. ಈ ಚಿಂತೆಗಳ ನಡುವೆ ನೀರಿನಡಿಯ ಗಟ್ಟಿಯೊಂದು ಯಾರ ನೆನಪಿಗೂ ಬಾರದಿರುವುದು ಸಹಜ. ಮುಂದಿನ ವರ್ಷ ನೋಡೋಣ ಎಂಬ ಮಾತು ಹುಟ್ಟುವುದು ಇಲ್ಲಿಯೇ. ಆದರೆ ಸತುವು ಮುಗಿದ ದಿನ ಸವೆತ ನಿಲ್ಲುವುದಿಲ್ಲ. ಅದು ಮುಂದಿನ ಲೋಹಕ್ಕೆ ದಾಟುತ್ತದೆ, ಅಷ್ಟೆ. ಸತುವಿಗೆ ತೆರುವ ಹಣವು ಒಂದು ಪ್ರೊಪೆಲ್ಲರಿನ ಬೆಲೆಯಲ್ಲಿ ಅಲ್ಪಾಂಶ. ಚುಕ್ಕಾಣಿ ಕಳಚಿದ ಬೋಟಿನಲ್ಲಿ ರಾತ್ರಿ ಕಳೆಯುವವರ ಜೀವಕ್ಕಂತೂ ಬೆಲೆ ಕಟ್ಟಲಾಗದು. ಆದುದರಿಂದ ಪ್ರತಿ ವರ್ಷ ಬೋಟು ದಡ ಸೇರಿದಾಗ ಬಣ್ಣದ ಡಬ್ಬಿ ತೆರೆಯುವುದಕ್ಕೂ ಮುಂಚೆ ಸತುವನ್ನು ನೋಡುವುದು, ಅರ್ಧ ಸವೆದಿದ್ದರೆ ಬದಲಿಸುವುದು, ಸವೆದೇ ಇಲ್ಲದಿದ್ದರೆ ಕಾರಣ ಹುಡುಕುವುದು ಎಂಬ ಮೂರು ಕೆಲಸಗಳನ್ನು ಪ್ರತಿಯೊಂದು ದಕ್ಕೆಯಲ್ಲೂ ರೂಢಿಗೆ ತರುವುದು ಶ್ರೇಯಸ್ಕರ.